ಹೊಗಳಲು ಕೊಟ್ಟ ಗಿಟಾರು

ಈ ಕಥೆ ಓದಿ ಯಾರಿಗಾದರೂ ಚೆನ್ನಾಗಿದೆ ಅನ್ನಿಸಿದರೆ ದಯವಿಟ್ಟು ಬಾಯಿಬಿಟ್ಟು ಹೇಳಬೇಡಿ. ಕೆಟ್ಟದಾಗಿದೆ ಅನ್ನಿಸಿದರೆ ಧಾರಾಳವಾಗಿ ಹೇಳಿ, ನನಗೆ ಸಂತೋಷವೇ. ನನ್ನ ಹೆಂಡತಿ ಚೂಡಾಮಣಿ ಆಗ ನಮ್ಮ ಊರಿನ ಹೊಗಳುಗಾರ್ತಿಯಾಗಿದ್ದಳು. ಇಷ್ಟು ಹೇಳಿದರೆ ಬೇರೆ ಊರಿನವರು ಅವಳು ಯಾರೋ ದೊಡ್ಡ ಮನುಷ್ಯರ ಹಿಂದೆ ಮುಂದೆ ಸುತ್ತಿ ಹಲ್ಲು ಗಿಂಜುವವಳು ಎಂದುಕೊಳ್ಳುತ್ತಾರೆ. ಹಾಗಲ್ಲ. ಅವಳದು ಮೈಮುರಿಯುವ ಕೆಲಸ. ಪುರಸಭೆಯವರು ಒಂದು ಹಳೆಯ ಗೋಡೆ ಕೆಡವಬೇಕಾದರೆ ಹಾರೆ ಗುದ್ದಲಿ ಹುಡುಕುವುದಿಲ್ಲ, ಚೂಡಾಮಣಿಗೆ ಹೇಳಿ ಕಳಿಸುತ್ತಾರೆ. ಇವಳು ಹೋಗಿ ಗೋಡೆಯ ಎದುರು ಮಣೆ ಹಾಕಿಕೊಂಡು ಕೂರುತ್ತಾಳೆ. ನೋಡುತ್ತಾಳೆ, ನೋಡುತ್ತಾಳೆ, ಕೊನೆಗೆ ಅದರಲ್ಲಿ ಏನು ಒಳ್ಳೆಯದಿದೆಯೋ ಅದನ್ನು ಹೇಳುತ್ತಾಳೆ. ಗೋಡೆ ಬೀಳುತ್ತದೆ. ಇವಳು ಸೆರಗಿನ ಧೂಳು ಕೊಡವಿಕೊಂಡು ಮನೆಗೆ ಬರುತ್ತಾಳೆ.

ನಮ್ಮ ಊರಲ್ಲಿ ಮನಸಾರೆ ಹೊಗಳಿಸಿಕೊಂಡದ್ದು ಉಳಿಯುವುದಿಲ್ಲ. ಕೆಲವು ಊರಲ್ಲಿ ನೀರು ಗಡಸು, ನಮ್ಮಲ್ಲಿ ಇದು. ಯಾವುದನ್ನು ಹೊಗಳಿದಿರೋ ಅಷ್ಟೇ ಹೋಗುತ್ತದೆ. ಮಲ್ಲಿಗೆಯ ಪರಿಮಳವನ್ನು ಹೊಗಳಿದರೆ ಪರಿಮಳ ಹೋಗಿ ಹೂವು ಉಳಿಯುತ್ತದೆ. ಹಾಗಾಗಿ ನಾವೆಲ್ಲ ಬಯ್ದುಕೊಂಡು ಬದುಕುವುದನ್ನು ಕಲಿತಿದ್ದೇವೆ. ಹೆಣ್ಣು ನೋಡಲು ಹೋದವರು "ಹುಡುಗಿ ಕೋತಿಯ ಹಾಗಿದ್ದಾಳೆ" ಎಂದರೆ ಒಪ್ಪಿಗೆಯಾಯಿತು ಎಂದರ್ಥ, ಒಳಗಿನಿಂದ ಪಾಯಸ ಬರುತ್ತದೆ. ಊಟಕ್ಕೆ ಬಂದವರು "ಇದೇನು ಸಾರೋ ಕೊಚ್ಚೆಯೋ" ಎಂದು ಬಯ್ದರೆ ಮನೆಯಾಕೆಯ ಮುಖ ಅರಳುತ್ತದೆ. ಸುಮ್ಮನೆ ತಿಂದೆದ್ದು ಹೋದರೆ ಅವಮಾನ. ನಾನು ಮನೆಯ ಮುಂಭಾಗದಲ್ಲೇ ಬೋಂಡಾ ಅಂಗಡಿ ಇಟ್ಟುಕೊಂಡಿದ್ದೇನೆ. ಇಂಥ ಹೊಲಸು ಬೋಂಡಾ ಸುತ್ತ ಹತ್ತೂರಲ್ಲಿ ಸಿಗುವುದಿಲ್ಲ ಎಂದು ಜನ ಸಾಲುಗಟ್ಟಿ ನಿಂತು ಬಯ್ಯುತ್ತಾ ತಿನ್ನುತ್ತಾರೆ. ಇನ್ನು ಸುಳ್ಳು ಹೊಗಳಿಕೆ ಯಾವುದಕ್ಕೂ ತಟ್ಟುವುದಿಲ್ಲ. ಅದಕ್ಕೇ ನಮ್ಮಲ್ಲಿ ಸನ್ಮಾನ ಸಮಾರಂಭಗಳು ನಿರಾತಂಕವಾಗಿ ನಡೆಯುತ್ತವೆ. ಇವತ್ತಿನವರೆಗೆ ಶಾಲು ಹೊದಿಸಿಕೊಂಡ ಒಬ್ಬನ ಕೂದಲೂ ಕೊಂಕಿಲ್ಲ.

ಚೂಡಾಮಣಿಯ ಕೆಲಸದ ಕಷ್ಟವಿರುವುದು ಇಲ್ಲೇ. ನಿಜವಾದ ಮಾತೇ ಆಗಬೇಕು, ನಿಜ ಕಾಣಬೇಕಾದರೆ ಆ ವಸ್ತುವನ್ನು ಕಣ್ಣಿಟ್ಟು ನೋಡಬೇಕು, ಮನಸ್ಸು ಕೊಡಬೇಕು. ಕೊಟ್ಟ ಮೇಲೆ ಅದನ್ನು ಕೊಲ್ಲಬೇಕು. ಒಮ್ಮೆ ಹಳೆಯ ಸುಂಕದ ಕಟ್ಟೆಯ ಗೋಡೆ ಕೆಡವಲು ಹೋದವಳು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು, ಕಟ್ಟಿದವನು ಯಾರೋ ಗುಬ್ಬಚ್ಚಿಗೆಂದು ಒಂದು ಇಟ್ಟಿಗೆಯ ಜಾಗ ಖಾಲಿ ಬಿಟ್ಟಿದ್ದನ್ನು ಕಂಡಳು. ಗುಬ್ಬಿಗೂ ಮನೆ ಕೊಟ್ಟ ಗೋಡೆ ಎಂದಳು, ಗೋಡೆ ಬಿತ್ತು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಮನೆಯಲ್ಲೂ ಒಮ್ಮೆ ಹೀಗಾಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಬೋಂಡಾ ಕರಿಯುತ್ತಾ ಏನೋ ಗುನುಗುತ್ತಿದ್ದೆ. ಇವಳು ಬಾಗಿಲಿಗೆ ಒರಗಿಕೊಂಡು ಕೇಳುತ್ತಿದ್ದವಳು, ಹೊಸ ಮದುಮಗಳು, ಮೈಮರೆತು, "ನಿಮ್ಮ ದನಿ ಎಷ್ಟು ಹಿತವಾಗಿದೆ" ಎಂದುಬಿಟ್ಟಳು. ಅಷ್ಟೇ. ಅಲ್ಲಿಂದ ಮುಂದೆ ನಾನು ಬಾಯಿಬಿಟ್ಟರೆ ತಗಡನ್ನು ರಸ್ತೆಯಲ್ಲಿ ಎಳೆದ ಹಾಗಿರುತ್ತದೆ. ನನಗೇನೂ ಬೇಸರವಿಲ್ಲ, ಬೋಂಡಾ ಮಾರಲು ಇಷ್ಟು ದನಿ ಸಾಕು. ಆದರೆ ಅವಳು ಅವತ್ತಿನಿಂದ ಮನೆಯಲ್ಲಿ ಯಾವುದನ್ನೂ ಕಣ್ಣಿಟ್ಟು ನೋಡುವುದನ್ನೇ ಬಿಟ್ಟಳು. ಸೂರು ನೋಡುತ್ತಾ ಉಣ್ಣುತ್ತಿದ್ದಳು, ನೆಲ ನೋಡುತ್ತಾ ಮಾತಾಡುತ್ತಿದ್ದಳು. ಬಯ್ಯುವುದಕ್ಕೂ ನೋಡಬೇಕಲ್ಲ, ಹಾಗಾಗಿ ಬಯ್ಗುಳವೂ ಇಲ್ಲ. "ಊಟ ಮಾಡ್ತೀರಾ", "ಬಿಸಿನೀರು ಕಾದಿದೆ" ಎಂದು ಮರ್ಯಾದೆಯಾಗಿ ಮಾತಾಡುವಳು. ನಮ್ಮ ಊರಲ್ಲಿ ಗಂಡ ಹೆಂಡತಿ ಅಷ್ಟು ಮರ್ಯಾದೆಯಿಂದ ಇದ್ದಾರೆಂದರೆ ನೆರೆಹೊರೆಯವರು ಅಯ್ಯೋ ಪಾಪ ಎನ್ನುತ್ತಾರೆ.

ಕಳೆದ ಶ್ರಾವಣದಲ್ಲಿ ಔಷಧಿ ಅಂಗಡಿಯ ವಿರೂಪಣ್ಣ ಹಳೆಯ ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ಇನ್ನೊಂದು ಕೈಯಲ್ಲಿ ವೀಳ್ಯದೆಲೆ ಅಡಿಕೆಯ ತಟ್ಟೆ. ಬಿಚ್ಚಿ ನೋಡಿದರೆ ಎಲೆಕ್ಟ್ರಿಕ್ ಗಿಟಾರು. ಜೊತೆಗೆ ಕೇರಂ ಬೋರ್ಡಿನ ಪೌಡರ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿಯ ಸದ್ದಿನ ಡಬ್ಬಿ, ಎರಡನ್ನೂ ಸೇರಿಸುವ ಒಂದು ವೈರು.

"ಚೂಡಕ್ಕ, ಇದನ್ನೊಂದು ಹೊಗಳಿ ಮುಗಿಸಿಕೊಡಿ. ದೀಪಾವಳಿಗೆ ಅಳಿಯ ಬರೋದ್ರೊಳಗೆ ಆಗ್ಬೇಕು" ಎಂದ.

ವಿರೂಪಣ್ಣನ ಮಗಳನ್ನು ದೂರದ ಊರಿಗೆ ಕೊಟ್ಟಿದೆ. ಅಳಿಯನ ಹೆಸರು ಶಶಿಭೂಷಣ. ಪಾಪದ ಹುಡುಗ. ನಿಶ್ಚಿತಾರ್ಥದ ದಿನ ನಮ್ಮ ಕಡೆಯವರು ಸಾಲಾಗಿ ಬಂದು "ಎಲ್ಲಿ ಸಿಕ್ಕಿತಪ್ಪಾ ಈ ಗೂಬೆ" ಎಂದು ಹಾರೈಸಿದಾಗ ಅಳುವುದೊಂದು ಬಾಕಿ. ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದವನು ಈ ಗಿಟಾರನ್ನು ತಂದಿದ್ದ. ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಕ್ಕಿತು ಎಂದು ಹೇಳಿಕೊಂಡಿದ್ದನಂತೆ. ಹಬ್ಬ ಮುಗಿಯುವವರೆಗೆ ಅದನ್ನು ಎಷ್ಟು ನುಡಿಸಿದನೆಂದರೆ ಹಾಲಿನವನು ಮನೆಯವರೆಗೆ ಬರುವುದನ್ನು ಬಿಟ್ಟು ಹಾಲನ್ನು ಬೀದಿಯ ತುದಿಯಲ್ಲಿಟ್ಟು ಹೋಗತೊಡಗಿದ. ಹೋಗುವಾಗ ಅಳಿಯ, ಮುಂದಿನ ವರ್ಷಕ್ಕೂ ಬೇಕಲ್ಲ ಎಂದು ಇಲ್ಲೇ ಬಿಟ್ಟು ಹೋಗಿದ್ದ.

"ಎಸೆಯೋಕಾಗಲ್ಲ, ಅಳಿಯನ ಸಾಮಾನು. ಮುರಿಯೋಕಾಗಲ್ಲ, ಮಗಳು ಅಲ್ಲಿ ಬಾಳಬೇಕು. ಹೊಗಳಿಕೆಗೆ ಹೋಯ್ತು ಅಂದ್ರೆ ಯಾರ ತಪ್ಪೂ ಅಲ್ಲ ನೋಡಿ" ಎಂದ ವಿರೂಪಣ್ಣ.

"ನೀವೇ ಹೊಗಳಬಹುದಿತ್ತಲ್ಲ, ಇಷ್ಟಕ್ಕೆ ಇವಳೇ ಬೇಕಾ?" ಎಂದೆ ನಾನು.

"ಒಂದು ಭಾನುವಾರ ಪೂರ್ತಿ ಮನೆಮಂದಿಯೆಲ್ಲ ಸುತ್ತ ಕೂತು ನೋಡಿದ್ವಿ ಸ್ವಾಮಿ. ಒಬ್ರ ಬಾಯಿಗೂ ಒಂದು ನಿಜವಾದ ಒಳ್ಳೇ ಮಾತು ಬರಲಿಲ್ಲ."

ಚೂಡಾಮಣಿ ವೀಳ್ಯ ತೆಗೆದುಕೊಂಡಳು. ಅವಳ ಕಸುಬಿನಲ್ಲಿ ವೀಳ್ಯ ತೆಗೆದುಕೊಂಡ ಮೇಲೆ ಮಾತು ಮುಗಿಯಿತು. ಹಿಂದಿರುಗಿಸಿದ ಹೊಗಳುಗಾರ್ತಿಯನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅವಳಿಗೆ ಕಸುಬು ಕಲಿಸಿದ ಸೋದರತ್ತೆ ಸಾಯುವ ತನಕ ಒಂದು ವೀಳ್ಯವನ್ನೂ ಹಿಂದಿರುಗಿಸಿದವಳಲ್ಲ.

ಮಾರನೆಯ ದಿನ ಗಿಟಾರನ್ನು ನಡುಮನೆಯ ಗೋಡೆಗೆ ಒರಗಿಸಿ ಇವಳು ಎದುರು ಕೂತಳು. ಬಣ್ಣ ಬೀಟ್‌ರೂಟ್ ಬೇಯಿಸಿದ ನೀರಿನದು. ಮೈಮೇಲೆ ಮೂರು ತಿರುಗುಗುಂಡಿ, ಅದರಲ್ಲಿ ಒಂದನ್ನು ತಿರುಗಿಸಿದರೆ ಏನೂ ಆಗುವುದಿಲ್ಲ. ತಂತಿಗಳಿಗೆ ತುಕ್ಕು. ಅದರ ಕತ್ತು ಸ್ವಲ್ಪ ಸೊಟ್ಟ, ಯಾರೋ ಕರೆದರೆಂದು ತಿರುಗಿ ನೋಡುತ್ತಿರುವ ಹಾಗೆ. ಸಂಜೆಯವರೆಗೂ ಕೂತವಳು ಎದ್ದು ಬಂದು, "ರೀ, ಇದರಲ್ಲಿ ಹೊಗಳುವಂಥದ್ದು ಏನೂ ಇಲ್ಲ" ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ. ಇಲಿಬಿಲದಲ್ಲೂ, ಮಂಡಿಯ ಮೇಲಿನ ನರಹುಲಿಯಲ್ಲೂ ಅವಳಿಗೆ ಏನಾದರೂ ಕಂಡಿತ್ತು.

ಬರೀ ನೋಡಿದರೆ ಆಗದು, ಸದ್ದು ಕೇಳಿ ನೋಡೋಣ ಎಂದು ವೈರು ಸಿಕ್ಕಿಸಿದಳು. ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ಮೊರ ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಎಲ್ಲಕ್ಕಿಂತ ದಪ್ಪನೆಯ ತಂತಿಗೆ ಅವಳ ಬಳೆ ತಾಗಿತು. ಡಬ್ಬಿ ಗುರ್ ಎಂದಿತು. ಸಣ್ಣ ಗುರ್ ಅಲ್ಲ. ಗೂಡಿನಲ್ಲಿದ್ದ ಸ್ಟೀಲು ಲೋಟಗಳೆಲ್ಲ ಗಡಗಡ ನಡುಗಿದವು, ಗೋಡೆಯ ಮೇಲಿನ ಹಲ್ಲಿ ದಪ್ಪೆಂದು ನೆಲಕ್ಕೆ ಬಿದ್ದು ಎದ್ದು ಓಡಿತು. ನಾನು ಜಾಲರಿ ಹಿಡಿದುಕೊಂಡೇ ಒಳಗೆ ಓಡಿ ಬಂದೆ.

ಅವಳು ಮನೆಯನ್ನೆಲ್ಲ ಸುತ್ತ ನೋಡುತ್ತಿದ್ದಳು. ಗೋಡೆ ನೋಡಿದಳು, ಗೂಡು ನೋಡಿದಳು, ಲೋಟಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನಕ್ಕಳು. ಆ ನಗುವಿನ ಬಗ್ಗೆ ನಾನೇನೂ ಹೇಳುವುದಿಲ್ಲ.

"ರೀ, ಇಷ್ಟು ಶಬ್ದ ಮಾಡಿದೆ, ಏನೂ ಕೆಡಲಿಲ್ಲ ನೋಡಿ" ಎಂದಳು.

ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ ಬೋಂಡಾ ಹಿಟ್ಟು ಕಲಸುತ್ತಾ ಯೋಚಿಸಿದಾಗ ಅರ್ಥವಾಯಿತು. ಅವಳು ಮೆಲ್ಲಗೆ ಒಂದು ಮಾತಾಡಿದರೂ ಲೋಕದಲ್ಲಿ ಏನಾದರೊಂದು ಕಡಿಮೆಯಾಗುತ್ತಿತ್ತು. ಇಲ್ಲಿ ಮನೆಯೇ ನಡುಗಿತು, ಒಂದು ಲೋಟವೂ ಸೊಟ್ಟಗಾಗಲಿಲ್ಲ. ಯಾವುದಕ್ಕೂ ನೋವು ಮಾಡದ ಸದ್ದು ಅವಳ ಕೈಯಿಂದ ಅದೇ ಮೊದಲು ಬಂದದ್ದು. ಎಣ್ಣೆ ಕಾದು ಹೊಗೆಯಾಡುವವರೆಗೂ ನಾನು ಹಿಟ್ಟು ಕಲಸುತ್ತಲೇ ಇದ್ದೆ.

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಎದ್ದು ಮುಖ ತೊಳೆದರೆ ಗಿಟಾರು, ಮಧ್ಯಾಹ್ನ ಪಾತ್ರೆ ತೊಳೆದರೆ ಗಿಟಾರು. ರಾಗವಿಲ್ಲ, ತಾಳವಿಲ್ಲ. ಬೆರಳು ಹೋದಲ್ಲಿಗೆ ಹೋಗುವುದು, ಡಬ್ಬಿ ಗುರುಗುಟ್ಟುವುದು, ಇವಳು ನಗುವುದು. ವಿರೂಪಣ್ಣ ಬಂದು ಕೇಳಿದರೆ "ಇನ್ನೂ ಹುಡುಕ್ತಾ ಇದ್ದೀನಿ" ಎಂದು ಕಳಿಸುವಳು. ನೀರಿನ ಟ್ಯಾಂಕು ಒಂದು ಕಡೆಗೆ ವಾಲಿದೆ, ಬಂದು ಹೊಗಳಿ ಇಳಿಸಿಕೊಡಿ ಎಂದು ಪುರಸಭೆಯವರು ಬಂದರೆ ಕೈಯಲ್ಲಿ ಕೆಲಸವಿದೆ ಎಂದಳು. ಅವರು ಟ್ಯಾಂಕು ವಾಲಿದ ಕಡೆ ಹಗ್ಗ ಕಟ್ಟಿ, ಜನರೆಲ್ಲ ಇನ್ನೊಂದು ಕಡೆಯಿಂದ ಓಡಾಡಬೇಕೆಂದು ಡಂಗುರ ಹೊಡೆಸಿದರು.

ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು. ಏಕೆಂದರೆ ಅವಳು ಅದನ್ನು ಬಯ್ಯತೊಡಗಿದಳು. "ಹಾಳಾದ್ದೇ, ಇನ್ನೂ ಮಲಗಿದ್ದೀಯಾ" ಎಂದು ಬೆಡ್‌ಶೀಟು ಸರಿಸುವಳು. "ಶನಿ, ದಂಡಪಿಂಡ, ಅಡ್ನಾಡಿ, ನಿನ್ನ ಸೊಟ್ಟ ಕತ್ತಿಗಿಷ್ಟು ಬೆಂಕಿ ಹಾಕ" ಎಂದು ತೊಡೆಯ ಮೇಲೆ ಕೂರಿಸಿಕೊಳ್ಳುವಳು. ಇಷ್ಟು ಬಯ್ಗುಳ ಅವಳ ಹೊಟ್ಟೆಯಲ್ಲಿದ್ದವೇ! ಇಷ್ಟು ವರ್ಷ ಜೊತೆಗೆ ಬಾಳಿದ ನನಗೆ "ಸಾರು ಬಡಿಸಲಾ", ಚಪ್ಪಲಿ ಬೆಲೆಯ ಈ ಹಲಗೆಗೆ ದಂಡಪಿಂಡ. ನಾನೇನು ದಂಡಪಿಂಡನಲ್ಲವೇ?

ಒಂದು ಸಂಜೆ ಅಂಗಡಿಯಲ್ಲಿ ಜನ ಕಡಿಮೆಯಿದ್ದರು. ಒಳಗೆ ಅವಳು ದಪ್ಪ ತಂತಿಯನ್ನು ಒಂದೇ ಸಮನೆ ಮೀಟುತ್ತಿದ್ದಳು. ನನಗೆ ಗೊತ್ತಿಲ್ಲದೆಯೇ ನಾನು ಗುನುಗಲು ಶುರುಮಾಡಿದ್ದೆ. ನನ್ನ ತಗಡಿನ ದನಿ, ಆ ಡಬ್ಬಿಯ ಗುರುಗುಟ್ಟುವಿಕೆ, ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಬೀದಿಯಲ್ಲಿ ಹೋಗುತ್ತಿದ್ದ ಹೂವಿನ ಪುಟ್ಟತಾಯಮ್ಮ ನಿಂತು, "ಯಾರಿಗ್ರೀ ಹುಷಾರಿಲ್ಲ?" ಎಂದು ಕೇಳಿದಳು. ಒಳಗಿನಿಂದ ಸದ್ದು ನಿಂತಿತು. ಚೂಡಾಮಣಿ ಬಂದು ಬಾಗಿಲಲ್ಲಿ ನಿಂತಳು. ಮೊದಲಿನ ಹಾಗೆ ನೆಲ ನೋಡಲಿಲ್ಲ, ಸೂರು ನೋಡಲಿಲ್ಲ. ನನ್ನನ್ನು ನೋಡಿದಳು. ಕಣ್ಣಿಟ್ಟು ನೋಡಿದಳು. ನನಗೆ ಹೆದರಿಕೆಯಾಯಿತು, ಏನು ಹೋಗಿಬಿಡುತ್ತದೋ ಎಂದು.

"ನಿಮ್ಮ ಮೂಗು ಬದನೆಕಾಯಿ ಹಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು. "ಥೂ, ಏನು ಮೂಗೋ. ಇಂಥ ಮೂಗು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದೆನಲ್ಲ."

ಅವತ್ತು ನಾನು ಹಿಟ್ಟಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದೆ. ತಿಂದವರು ಬಾಯಿ ಮುಚ್ಚಿಕೊಂಡು ಹೋದರು, ಒಬ್ಬರೂ ಬಯ್ಯಲಿಲ್ಲ. ನನಗೆ ಅದು ತಟ್ಟಲೂ ಇಲ್ಲ.

ಅಂದೇ ಅವಳು ನನ್ನ ಹತ್ತಿರ ಹೇಳಿಕೊಂಡದ್ದು. "ಸಿಕ್ಕಿದೆ ಕಣ್ರೀ. ಅದರಲ್ಲಿ ಒಳ್ಳೇದು ಬೇಕಾದಷ್ಟು ಸಿಕ್ಕಿದೆ. ಬಾಯಿ ತುಂಬ ಇದೆ. ಹೇಳೋಕೆ ಮನಸ್ಸಿಲ್ಲ. ವಿರೂಪಣ್ಣನ ವೀಳ್ಯ ತಗೊಂಡಿದ್ದೀನಲ್ಲ, ಏನು ಮಾಡಲಿ?"

ನನಗೇನು ಗೊತ್ತು. ಅಳಿಯ ಬರುವುದೇ ಬೇಡ ಎಂದು ಮನೆದೇವರಿಗೆ ಹರಕೆ ಹೊತ್ತೆ. ಊರ ಅಳಿಯಂದಿರ ವಿಷಯಕ್ಕೆ ದೇವರು ಕೈಹಾಕುವುದಿಲ್ಲ ಎಂದು ಆಮೇಲೆ ತಿಳಿಯಿತು.

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದ ಬೆಳಗ್ಗೆ ವಿರೂಪಣ್ಣ ಏದುಸಿರು ಬಿಡುತ್ತಾ ಬಂದ. "ಅಕ್ಕ, ಬಸ್ಸು ಬರೋ ಹೊತ್ತಾಯ್ತು. ಈಗಲೇ ಆಗ್ಬೇಕು, ನನ್ನ ಕಣ್ಣೆದುರಿಗೇ ಆಗ್ಬೇಕು" ಎಂದ. ಅವನ ಹಿಂದೆ ಪುಟ್ಟತಾಯಮ್ಮ, ಅವಳ ಹಿಂದೆ ಬೋಂಡಾ ಕೊಳ್ಳಲು ನಿಂತಿದ್ದವರು, ಅವರ ಹಿಂದೆ ಸುಮ್ಮನೆ ಜನ ಸೇರಿದ್ದಾರೆಂದು ಸೇರಿದ ಜನ. ಹೊಗಳುಗಾರ್ತಿ ಹೊಗಳುವುದನ್ನು ನೋಡುವುದೆಂದರೆ ನಮ್ಮ ಊರಿನವರಿಗೆ ಹಬ್ಬದೂಟ ಬಿಟ್ಟು ಬರುವಷ್ಟು ಆಸೆ.

ಚೂಡಾಮಣಿ ಮಣೆಯನ್ನು ಜಗಲಿಯ ಮೇಲೆ ಹಾಕಿಕೊಂಡು ಕೂತಳು. ಗಿಟಾರು ತೊಡೆಯ ಮೇಲೆ, ಡಬ್ಬಿ ಪಕ್ಕದಲ್ಲಿ. ಅದರ ಮೈಮೇಲೆ ಕೈಯಾಡಿಸಿದಳು. ನಾನು ಎದುರಿಗೆ ಬಾಣಲೆಯ ಹತ್ತಿರ ಜಾಲರಿ ಹಿಡಿದು ನಿಂತಿದ್ದೆ.

"ಈ ಬಣ್ಣ ಯಾರನ್ನೂ ಮೆಚ್ಚಿಸೋಕೆ ಹಚ್ಚಿದ್ದಲ್ಲ" ಎಂದಳು ಮೆಲ್ಲಗೆ. "ಡಬ್ಬದಲ್ಲಿ ಉಳಿದಿತ್ತು, ಹಚ್ಚಿದ್ರು. ಅದಕ್ಕೆ ಒಂದು ಚೂರೂ ನಾಚಿಕೆ ಇಲ್ಲ. ಇಷ್ಟು ಧೈರ್ಯದ ಬಣ್ಣವನ್ನ ನಾನು ಬೇರೆಲ್ಲೂ ಕಂಡಿಲ್ಲ."

ಬಣ್ಣ ಜಾರಿತು. ಅವಳ ಸೀರೆಯ ಮೇಲಿಂದ ಹರಿದು ಜಗಲಿಯ ಮೆಟ್ಟಿಲಿಳಿದು ಚರಂಡಿ ಸೇರಿತು. ಕೆಳಗೆ ಪ್ಯಾಕಿಂಗ್ ಪೆಟ್ಟಿಗೆಯ ಮರ ಕಂಡಿತು.

"ಈ ಗುಂಡಿ ತಿರುಗಿಸಿದ್ರೆ ಏನೂ ಆಗಲ್ಲ. ಅದಕ್ಕೂ ಅದು ಗೊತ್ತು. ಆದ್ರೂ ತಿರುಗಿಸಿದಾಗೆಲ್ಲ ಎಷ್ಟು ನಯವಾಗಿ ತಿರುಗುತ್ತೆ, ಮರ್ಯಾದಸ್ಥ." ಗುಂಡಿ ಕಳಚಿ ಉರುಳಿಕೊಂಡು ಹೋಗಿ ವಿರೂಪಣ್ಣನ ಕಾಲ ಬಳಿ ಬಿತ್ತು.

"ಕೈಗೆ ಹಗುರ" ಎಂದಳು. "ಮೈಕೈ ನೋಯುತ್ತಿರೋ ದಿನ ಎತ್ತಿಕೊಂಡರೂ ನನ್ನ ಮೇಲೆ ಭಾರ ಹಾಕಿಲ್ಲ." ತಕ್ಷಣ ಗಿಟಾರು ರುಬ್ಬುವ ಕಲ್ಲಿನಷ್ಟು ಭಾರವಾಗಿ ಅವಳ ತೊಡೆ ತಗ್ಗಿತು. ಮಣೆ ಕಿರುಗುಟ್ಟಿತು. ನಾನು ಹಿಡಿದುಕೊಳ್ಳಲು ಹೋದೆ, ಅವಳು ಕಣ್ಣಲ್ಲೇ ಬೇಡ ಎಂದಳು.

ಆಮೇಲೆ ಸಣ್ಣ ತಂತಿಗಳು. ತಪ್ಪು ಬೆರಳಿಟ್ಟರೂ ಮುನಿಸಿಕೊಳ್ಳದ್ದು ಒಂದು. ಸುಮ್ಮನಿದ್ದಾಗಲೂ ಪಕ್ಕದ್ದು ಹಾಡಿದರೆ ತಾನೂ ಸಣ್ಣಗೆ ನಡುಗುವುದು ಇನ್ನೊಂದು. ಒಂದೊಂದಕ್ಕೂ ಒಂದೊಂದು ಮಾತು, ಒಂದೊಂದು ಮಾತಿಗೂ ಟಣ್ಣೆಂದು ಒಂದು ತಂತಿ. ಅವಳ ಬೆರಳಿನ ಗೆಣ್ಣಿನ ಮೇಲೆ ಗೀರು ಬಿತ್ತು. ಜನ ಉಸಿರು ಬಿಗಿಹಿಡಿದಿದ್ದರು. ಮಾತು ಬಿಗಿಹಿಡಿಯುವುದಂತೂ ನಮಗೆ ಅಭ್ಯಾಸವೇ.

ಕೊನೆಗೆ ದಪ್ಪ ತಂತಿಯೊಂದು ಉಳಿಯಿತು.

ಅವಳು ಅದರ ಮೇಲೆ ಬೆರಳಿಟ್ಟು ಕೂತಳು. ತುಟಿ ಎರಡು ಸಲ ಅಲ್ಲಾಡಿತು. ಮಾತು ಅಲ್ಲೇ ಹಲ್ಲಿನ ಹಿಂದೆ ನಿಂತಿತ್ತು, ನನಗೆ ಕಾಣುತ್ತಿತ್ತು.

"ಅದೊಂದು ಹೇಳಿಬಿಡಿ ಅಕ್ಕ, ಮುಗೀತು" ಎಂದ ವಿರೂಪಣ್ಣ.

ಚೂಡಾಮಣಿ ತಲೆ ಎತ್ತಿ ಅವನನ್ನು ನೋಡಿದಳು. "ಈ ತಂತೀಲಿ ಒಳ್ಳೇದು ಏನೂ ಇಲ್ಲ" ಎಂದಳು. ಅವಳ ದನಿ ಸ್ವಲ್ಪವೂ ನಡುಗಲಿಲ್ಲ, ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. "ದರಿದ್ರದ್ದು. ಕರ್ಕಶ. ಕೇಳಿದ್ರೆ ವಾಂತಿ ಬರತ್ತೆ. ರೀ, ಒಳಗಿಂದ ವೀಳ್ಯದೆಲೆ ತನ್ನಿ."

ನಾನು ತಂದುಕೊಟ್ಟೆ. ಅವಳು ಎಲೆಯ ಮೇಲೆ ಅಡಿಕೆ ಇಟ್ಟು ವಿರೂಪಣ್ಣನ ಕಡೆ ಚಾಚಿದಳು. ಜನರಲ್ಲಿ ಯಾರೋ ಲೊಚಗುಟ್ಟಿದರು. ಊರಿಗೆ ಇದ್ದವಳೊಬ್ಬಳೇ ಹೊಗಳುಗಾರ್ತಿ, ವೀಳ್ಯ ಹಿಂದಿರುಗಿಸುತ್ತಿದ್ದಾಳೆ. ಇನ್ನು ಟ್ಯಾಂಕು ವಾಲಿಯೇ ಇರಬೇಕು. ವಿರೂಪಣ್ಣ ಆ ಎಲೆಯನ್ನು ನೋಡಿದ, ಅವಳ ಮುಖ ನೋಡಿದ. ಅಂಗಡಿಯಲ್ಲಿ ಸಾವಿರ ಬಗೆಯ ಕಷಾಯ ಮಾರಿದ ಮನುಷ್ಯ, ಕಹಿ ನುಂಗುವುದು ಗೊತ್ತು. ವೀಳ್ಯ ತೆಗೆದುಕೊಂಡು ಜೇಬಿಗಿಟ್ಟುಕೊಂಡ. "ಇಂಥ ಅನಿಷ್ಟ ಸಾಮಾನು ನನ್ನ ಮನೆ ಹೊಸ್ತಿಲು ದಾಟಬಾರದು. ನಿಮ್ಮಲ್ಲೇ ಬಿದ್ದು ಸಾಯಲಿ" ಎಂದ. ಅವನು ಅಷ್ಟು ಪ್ರೀತಿಯಿಂದ ಮಾತಾಡಿದ್ದನ್ನು ನಾನು ಅವನ ಮಗಳ ಮದುವೆಯಲ್ಲೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಳಿಯ ಬಂದ. ಬಸ್ಸಿಳಿದವನು ಮಾವನ ಮನೆಯಲ್ಲಿ ಯಾರೂ ಇಲ್ಲದ್ದು ಕಂಡು ಗುಂಪಿದ್ದ ಕಡೆ ಬಂದಿದ್ದ. ಹೆಗಲಿನ ಬ್ಯಾಗು ಇಳಿಸದೆಯೇ ಜಗಲಿಯ ಎದುರು ನಿಂತು ನೋಡಿದ. ಬಣ್ಣವಿಲ್ಲದ ಮರ, ಒಂದೇ ತಂತಿ. "ಇದು ನನ್ನ ಗಿಟಾರಲ್ವಾ ಮಾವ?" ಎಂದ.

"ಹೊಗಳಿಕೆಗೆ ಹೋಯ್ತಪ್ಪ" ಎಂದ ವಿರೂಪಣ್ಣ ನೆಲ ನೋಡುತ್ತಾ.

ಹುಡುಗ ಮಂಡಿಯೂರಿ ಕೂತು ಡಬ್ಬಿಯ ವೈರನ್ನು ಸರಿಯಾಗಿ ಒತ್ತಿದ. ಚೂಡಾಮಣಿಯ ಕಡೆ ನೋಡಿ, "ಒಂದು ತಂತೀಲಿ ಏನು ಬರತ್ತೆ ಅಮ್ಮ?" ಎಂದು ಕೇಳಿದ. ಕುಹಕವಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

ಅವಳು ಮೀಟಿದಳು. ಜಗಲಿಯ ಕಂಬ ನಡುಗಿತು, ನನ್ನ ಬಾಣಲೆಯ ಎಣ್ಣೆಯಲ್ಲಿ ಸಣ್ಣ ಅಲೆ ಎದ್ದಿತು. ಬೆರಳನ್ನು ಕತ್ತಿನುದ್ದಕ್ಕೆ ಜಾರಿಸಿದಳು, ಗುರುಗುಟ್ಟುವಿಕೆ ಏರಿತು, ಇಳಿಯಿತು, ಮತ್ತೆ ಏರಿತು. ಒಂದೇ ತಂತಿ, ಹೋಗಲು ಬೇರೆ ದಾರಿಯಿಲ್ಲ, ಹಾಗಾಗಿ ಇರುವ ದಾರಿಯಲ್ಲೇ ಹೋಗಿ ಹೋಗಿ ಬರುತ್ತಿತ್ತು. ಅಲ್ಲಿ ನಿಂತವರ ಹೊಟ್ಟೆಯೊಳಗೆಲ್ಲ ಅದು ನಡುಗಿದ್ದು ನನಗೆ ಗೊತ್ತು, ನನ್ನದೂ ನಡುಗಿತಲ್ಲ. ಅದು ಹೇಗಿತ್ತೆಂದು ಕೇಳಬೇಡಿ.

ನಾನು ಅವಳನ್ನು ಬಿಟ್ಟು ಅಳಿಯನನ್ನು ನೋಡಿದೆ, ಅದೊಂದು ನನ್ನ ಪುಣ್ಯ. ಹುಡುಗನ ಕಣ್ಣು ಅಗಲವಾಗಿತ್ತು. ಅವನ ಊರಲ್ಲಿ ಮೆಚ್ಚಿದ್ದನ್ನು ಮೆಚ್ಚಿದ ಹಾಗೇ ಹೇಳುತ್ತಾರಂತೆ. ಬಾಯಿ ತೆರೆಯಿತು. "ಎಷ್ಟು ಚೆ" ಎಂದ. ತಂತಿಯ ಬುಡದಲ್ಲಿ ಟಿಕ್ ಎಂದಿತು. ಜನರೆಲ್ಲ ಒಟ್ಟಿಗೆ ಹಿಂದೆ ಸರಿದರು.

ನನ್ನ ಕೈಯ ಜಾಲರಿಯಲ್ಲಿ ಆಗ ತಾನೆ ತೆಗೆದ ಬೋಂಡಾ ಇತ್ತು. ಹೇಗೆ ಹಾರಿದೆನೋ ತಿಳಿಯದು. ಹುಡುಗನ ಬಾಯಿಗೆ ಒಂದು ತುರುಕಿದೆ, ಮೇಲೊಂದು ತುರುಕಿದೆ, ಅಂಗೈಯಿಂದ ಅದುಮಿ ಹಿಡಿದೆ. ಬಿಸಿ ಬಿಸಿ ಬೋಂಡಾ. ಅವನ ಕಣ್ಣಲ್ಲಿ ನೀರು ಬಂತು, ಕೆನ್ನೆ ಎರಡೂ ಉಬ್ಬಿದವು, ಮುಖ ಕೆಂಪಾಯಿತು. ವಿರೂಪಣ್ಣ ಅಯ್ಯೋ ನನ್ನ ಅಳಿಯ ಎಂದು ನನ್ನ ಅಂಗಿ ಹಿಡಿದೆಳೆದ. ಚೂಡಾಮಣಿ ಮಾತ್ರ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ತಂತಿಯೇ ಹೋಗಿಬಿಡುತ್ತದೆಂದು ಹೆದರಿದವಳ ಹಾಗೆ ಮೀಟುತ್ತಲೇ ಇದ್ದಳು.

ಹುಡುಗನಿಗೆ ಮಾತಾಡಲಾಗದು, ಉಗಿಯಲಾಗದು. ಆದರೆ ಒಳಗಿದ್ದದ್ದು ಎಲ್ಲಿಯಾದರೂ ಹೊರಗೆ ಬರಬೇಕಲ್ಲ. ಅವನು ತಲೆದೂಗಿದ.

ನಮ್ಮ ಊರಿನಲ್ಲಿ ಯಾರೂ ತಲೆದೂಗಿದವರಲ್ಲ. ಊಟಕ್ಕೆ ಕೂತಾಗ ಮಕ್ಕಳ ಕತ್ತು ಅಲ್ಲಾಡಿದರೆ ಹಿರಿಯರು ನೆತ್ತಿಗೆ ಮೊಟಕುತ್ತಾರೆ; ಹೌದು ಎನ್ನಲೂ ನಾವು ಕತ್ತು ನೆಟ್ಟಗಿಟ್ಟು ಹ್ಞೂಂ ಎನ್ನುತ್ತೇವೆ. ಹಾಗಾಗಿ ಅವನ ತಲೆ ಮೊದಲ ಸಲ ಆ ಕಡೆ ಈ ಕಡೆ ಹೋದಾಗ ಪುಟ್ಟತಾಯಮ್ಮ ಕಣ್ಣು ಮುಚ್ಚಿಕೊಂಡಳು. ಮಿಕ್ಕವರೆಲ್ಲ ತಂತಿಯನ್ನೇ ನೋಡುತ್ತಿದ್ದೆವು.

ತಂತಿ ಹಾಗೇ ಇತ್ತು.

ಹುಡುಗ ಇನ್ನೊಮ್ಮೆ ತೂಗಿದ. ತಂತಿ ಗುರುಗುಟ್ಟಿತು. ಮತ್ತೆ ತೂಗಿದ. ಏನೂ ಆಗಲಿಲ್ಲ. ಪುಟ್ಟತಾಯಮ್ಮ ಒಂದು ಕಣ್ಣು ತೆರೆದು ನೋಡಿ, ಅಭ್ಯಾಸವಿಲ್ಲದ ಕತ್ತನ್ನು ಹೆದರಿ ಹೆದರಿ ಒಂದಿಷ್ಟು ವಾಲಿಸಿದಳು, ಅರ್ಧಕ್ಕೆ ನಿಲ್ಲಿಸಿ ಸುತ್ತ ನೋಡಿದಳು. ಆಮೇಲೆ ವಿರೂಪಣ್ಣ ನನ್ನ ಅಂಗಿ ಬಿಟ್ಟ, ಅವನ ಬೋಳುತಲೆ ಮೆಲ್ಲಗೆ ಅತ್ತಿತ್ತ ಆಡಿತು. ಅವನ ಹಿಂದಿನವನದು, ಅವನ ಪಕ್ಕದವಳದು. ಬೀದಿಯಲ್ಲಿ ಸೇರಿದ್ದ ಅಷ್ಟೂ ತಲೆಗಳು ಒಂದು ಮಾತಿಲ್ಲದೆ ತೂಗತೊಡಗಿದವು. ಕೆಲವರು ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಹೋಗಿ ಪಕ್ಕದವರಿಗೆ ಡಿಕ್ಕಿ ಹೊಡೆದರು. ಒಬ್ಬರೂ ಬಯ್ದುಕೊಳ್ಳಲಿಲ್ಲ.

ಚೂಡಾಮಣಿ ಮೀಟುತ್ತಾ ಜನರನ್ನು ನೋಡಿದಳು. ಏನಾಗುತ್ತಿದೆ ಎಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಬೆರಳಲ್ಲಿ ರಕ್ತ, ಸೀರೆಯ ಮೇಲೆ ಬೀಟ್‌ರೂಟ್ ಬಣ್ಣ, ಕೆನ್ನೆಯ ಮೇಲೆ ಒಣಗದ ನೀರು, ಆ ನಗು.

ನಾನು ಹುಡುಗನ ಬಾಯಿಂದ ಕೈ ತೆಗೆದೆ. ಅವಳು ಮನೆಗೆ ಬಂದ ದಿನದಿಂದ ಹೇಳದೆ ನುಂಗಿದ್ದೆಲ್ಲ ಒಟ್ಟಿಗೆ ಕತ್ತಿಗೆ ಬಂತು. ಅವಳನ್ನೇ ನೋಡುತ್ತಾ ತಲೆದೂಗಿದೆ, ನರ ಹಿಡಿದುಕೊಂಡಿತು, ಆದರೂ ತೂಗಿದೆ.